ಅಡುಗೆಮನೆಯ ಚಾರ್ಜು ಯಾರಿಗೆ?



ಸರ್ಕಾರಿ ನೌಕರನಿಗೆ 60 ತುಂಬಿದ ತಿಂಗಳ ಕೊನೆಯ ದಿನ ಒಂದು ಕ್ರಮ ನಡೆಯುತ್ತದೆ. ಅಳತೆ ಪುಸ್ತಕಗಳು, ಸ್ಟೋರಿನ ಕೀಲಿಕೈ, ಕಡತಗಳ ಪಟ್ಟಿ ಎಲ್ಲವನ್ನೂ ಎದುರಿಗಿಟ್ಟು, ಕೊಟ್ಟವನು ಒಂದು ಸಹಿ, ತೆಗೆದುಕೊಂಡವನು ಒಂದು ಸಹಿ. ಇದಕ್ಕೆ ಚಾರ್ಜು ಕೊಡುವುದು ಎನ್ನುತ್ತೇವೆ. ಆಮೇಲೆ ಶಾಲು, ಹಾರ, ನಾಲ್ಕು ಮಾತು. ಮರುದಿನದಿಂದ ಆ ಕಡತ ಏನಾಯಿತು, ಆ ಬಿಲ್ಲು ಪಾಸಾಯಿತೋ ಇಲ್ಲವೋ ಎಂದು ಯಾರೂ ಅವನನ್ನು ಕೇಳುವಂತಿಲ್ಲ.

ಅದೇ ಮನೆಯಲ್ಲಿ ಮೂವತ್ತೈದು-ನಲವತ್ತು ವರ್ಷ ದುಡಿದ ತಾಯಿಗೆ ಚಾರ್ಜು ಕೊಡುವ ದಿನವೇ ಬರುವುದಿಲ್ಲ. ನನಗೆ ಪರಿಚಯದ ಒಬ್ಬ ತಾಯಿ ನಗುತ್ತಲೇ ತಮ್ಮ ಯಜಮಾನರಿಗೆ ಹೇಳಿದ ಮಾತಿದು: "ನಿಮಗ ಪೆನ್ಶನ್ ಆತ್ರಿ, ನನಗ ದಿನಕ್ಕ ಎರಡ ಸಲ ಚಹಾ ಹೆಚ್ಚಾತು." ಯಜಮಾನರೂ ನಕ್ಕರು. ಚಹಾ ಮಾತ್ರ ಆಕೆಯೇ ತಂದುಕೊಟ್ಟರು.

ನಮ್ಮ ದೇಸೂರ, ಮಚ್ಛೆ, ಪೀರನವಾಡಿ ಕಡೆ ಬೆಳಗಾವಿ-ಖಾನಾಪುರ ರಸ್ತೆಯ ಎರಡೂ ಬದಿಗೆ ನಿವೃತ್ತರು ಮನೆ ಕಟ್ಟಿಕೊಂಡಿದ್ದಾರೆ. ಮುಂಜಾನೆ ನಡೆಯಲು ಹೋಗುವ ಗುಂಪುಗಳಿವೆ. ವಚನ ಓದುವ ಗೆಳೆಯರಿದ್ದಾರೆ, ಹಾರ್ಮೋನಿಯಂ ಕಲಿಯುವವರಿದ್ದಾರೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭೀಮಗಡದ ಕಾಡಿನ ಕಡೆಗೆ ಹಕ್ಕಿ ನೋಡಲು ಹೊರಡುವವರೂ ಇದ್ದಾರೆ. ಇದೆಲ್ಲ ಒಳ್ಳೆಯದೇ. ದುಡಿದ ದೇಹಕ್ಕೆ, ದಣಿದ ಮನಸ್ಸಿಗೆ ಹವ್ಯಾಸ ಬೇಕು. ಆದರೆ ಈ ಗುಂಪುಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. ಆ ಹೊತ್ತಿಗೆ ಅವರು ರೊಟ್ಟಿ ಬಡಿಯುತ್ತಿರುತ್ತಾರೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ಅಂಕಿಸಂಖ್ಯಾ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಮನೆಗೆಲಸ ಮಾಡುವವರ ಲೆಕ್ಕ ಮಾತ್ರ. ಗಂಡಸರಲ್ಲಿ ಬಹುಪಾಲು ಜನ ಅದನ್ನು ಮಾಡುವುದೇ ಇಲ್ಲ. 289 ನಿಮಿಷ ಎಂದರೆ ಐದು ತಾಸಿಗೆ ಹನ್ನೊಂದೇ ನಿಮಿಷ ಕಡಿಮೆ. ರವಿವಾರವಿಲ್ಲ, ಬಸವ ಜಯಂತಿಯ ರಜೆಯೂ ಇಲ್ಲ. ಹಬ್ಬ ಬಂದರಂತೂ ಇನ್ನೂ ಹೆಚ್ಚು.

ಭಾರದ ಲೆಕ್ಕವನ್ನೂ ನೋಡೋಣ, ಎಂಜಿನಿಯರನಿಗೆ ಅದು ಬಿಟ್ಟರೆ ನಿದ್ದೆ ಬಾರದು. ಒಂದು ಕೊಡಕ್ಕೆ 15 ಲೀಟರ್ ನೀರು ಎಂದಿಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ಕೊಡ ಎತ್ತಿದರೆ 300 ಕಿಲೊ. ಪುಸ್ತಕದ ಭೌತಶಾಸ್ತ್ರದ ಪ್ರಕಾರ 300 ಕಿಲೊವನ್ನು ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 2,940 ಜೂಲ್, ಅಂದರೆ ಒಂದು ಕಿಲೊ ಕ್ಯಾಲೊರಿಗೂ ಕಡಿಮೆ. ಒಂದು ಬಿಸ್ಕೀಟಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ! "ಮನೆಗೆಲಸ ಅಂಥದ್ದೇನು ಮಹಾ" ಎನ್ನುವವರು ಇಂಥದೇ ಲೆಕ್ಕ ಹಾಕುತ್ತಾರೆ. ಅದು ಕ್ರೇನಿಗೆ ಸರಿ, ಮನುಷ್ಯರಿಗಲ್ಲ. ಬಾಗಿ ಕೊಡ ಎತ್ತುವಾಗ ಬೆನ್ನಿನ ಸ್ನಾಯು ಬಹಳ ಗಿಡ್ಡ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಕೈಯಲ್ಲಿರುವ ಭಾರದ ಹಲವು ಪಟ್ಟು ಒತ್ತಡ ಸೊಂಟದ ಮೇಲೆ ಬೀಳುತ್ತದೆ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೊ. ಅದನ್ನು ಅಡುಗೆಮನೆಯ ಮೂಲೆಗೆ ಉರುಳಿಸುವವರು ಯಾರು? ಮಳೆಗಾಲಕ್ಕೆ ಮೊದಲು ಕಟ್ಟಿಗೆ, ಕುಳ್ಳು ಒಳಗೆ ಒಟ್ಟುವವರು ಯಾರು? ಬಚ್ಚಲದ ಹಂಡೆಗೆ ನಸುಕಿನಲ್ಲಿ ಉರಿ ಹಾಕುವವರು ಯಾರು? ಬಹಳ ಮನೆಗಳಲ್ಲಿ ಎಲ್ಲಕ್ಕೂ ಒಂದೇ ಉತ್ತರ, ಆಕೆಯ ವಯಸ್ಸು ಅರವತ್ತೈದು, ಆಕೆಗೆ ಮೊಣಕಾಲು ನೋವು.

ಇಲ್ಲಿ ಕೆಲವು ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ. ಶರಣರಿಗೆ ನಿವೃತ್ತಿಯೇ ಇರಲಿಲ್ಲ, ಕಾಯಕ ಕೊನೆಯ ಉಸಿರಿನವರೆಗೆ, ಹೆಣ್ಣುಮಕ್ಕಳಿಗೆ ಮನೆಗೆಲಸವೇ ಕಾಯಕ ಎಂದು. ಈ ಮಾತನ್ನು ನಾವು ಒಪ್ಪುವುದಿಲ್ಲ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದರು, ಕದಿರ ರೆಮ್ಮವ್ವೆ ನೂಲು ತೆಗೆದರು, ನುಲಿಯ ಚಂದಯ್ಯ ಹಗ್ಗ ಹೊಸೆದರು. ಅವು ಅವರ ಹೆಸರಿಗೆ ಅಂಟಿದ ಕಸುಬುಗಳು, ಅದರ ಫಲ ಅವರ ಕೈಯಲ್ಲಿತ್ತು, ಅದನ್ನು ದಾಸೋಹಕ್ಕೆ ಸಲ್ಲಿಸುವ ಸ್ವಾತಂತ್ರ್ಯವೂ ಅವರದೇ ಆಗಿತ್ತು. ಬೇಡವೆನ್ನುವ ಹಕ್ಕಿಲ್ಲದೆ ಒಬ್ಬರ ತಲೆಯ ಮೇಲೆ ಬಂದು ಬೀಳುವ ದುಡಿಮೆಗೆ ಕಾಯಕ ಎಂಬ ಹೆಸರಿಟ್ಟರೆ ಆ ಶಬ್ದಕ್ಕೆ ನಾವೇ ಅಪಚಾರ ಮಾಡಿದಂತೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಅದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದವರು ಲಕ್ಕಮ್ಮ. ತನಗೆ ಸಲ್ಲದ ಅಕ್ಕಿ ಹೇಗೆ ಬೇಡವೋ, ಇನ್ನೊಬ್ಬರಿಂದ ಸಲ್ಲದ ದುಡಿಮೆ ಪಡೆಯುವುದೂ ಹಾಗೆಯೇ ಬೇಡವಾಗಬೇಕು.

ಇನ್ನೊಂದು ಮಾತು. ವಚನ ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು. ಕುಟ್ಟುವ, ಬೀಸುವ, ನೂಲುವ ಹೆಂಗಸರು ಅನುಭಾವದ ಗೋಷ್ಠಿಯಲ್ಲಿ ಕೂತು ಮಾತಾಡಿದರು ಎಂದರೆ, ಕೂರುವ ಹೊತ್ತು ಅವರಿಗೆ ಸಿಕ್ಕಿತ್ತು ಎಂದೇ ಅರ್ಥ. ಇಂದು ನಮ್ಮ ಮಠಗಳಲ್ಲಿ ಏನು ನಡೆಯುತ್ತಿದೆ? ಶ್ರಾವಣದ ಪ್ರವಚನವಿರಲಿ, ಜಾತ್ರೆಯಿರಲಿ, ಮಂಟಪದಲ್ಲಿ ಪೂಜ್ಯರು ಅಕ್ಕನ ಬಗ್ಗೆ, ಸ್ತ್ರೀ ಸಮಾನತೆಯ ಬಗ್ಗೆ ಮಾತಾಡುತ್ತಿರುವಾಗ ನಮ್ಮ ಹಿರಿಯ ತಾಯಂದಿರು ಹಿಂದಿನ ದಾಸೋಹ ಮನೆಯಲ್ಲಿ ಹೊಗೆಯ ನಡುವೆ ರೊಟ್ಟಿ ಬಡಿಯುತ್ತಿರುತ್ತಾರೆ. ಪ್ರವಚನದ ಧ್ವನಿ ಮೈಕಿನಲ್ಲಿ ತೇಲಿ ಬಂದರೆ ಬಂತು. ದಾಸೋಹ ದೊಡ್ಡದು, ಅದನ್ನು ಸಣ್ಣದು ಮಾಡಲು ಇದನ್ನು ಬರೆಯುತ್ತಿಲ್ಲ. ಆದರೆ ರೊಟ್ಟಿ ಬಡಿಯುವ ಸರದಿಯಲ್ಲಿ ಗಂಡಸರ ಹೆಸರು ಏಕಿಲ್ಲ? ಪಾತ್ರೆ ತಿಕ್ಕಲು, ನೀರು ಹೊರಲು, ಸೌತೆಕಾಯಿ ಹೆಚ್ಚಲು ನಿವೃತ್ತ ಗಂಡಸರಿಗೆ ಕೈಯಿಲ್ಲವೇ? ಜೋಳದ ರೊಟ್ಟಿ ಕಲಿಯಲು ಕಷ್ಟ, ನಿಜ. ಬೇಯಿಸುವುದು ಅಷ್ಟು ಕಷ್ಟವಲ್ಲ. ಒಬ್ಬರು ಬಡಿದರೆ ಇನ್ನೊಬ್ಬರು ಬೇಯಿಸಬಹುದು.

ಬೀಳ್ಕೊಡುಗೆ ಸಮಾರಂಭಗಳಲ್ಲಿ ನಾವು ಎಂಜಿನಿಯರರು ತಪ್ಪದೆ ವಿಶ್ವೇಶ್ವರಯ್ಯನವರ ಹೆಸರು ಎತ್ತುತ್ತೇವೆ. ನೂರು ವರ್ಷ ಬಾಳಿದರು, ದಿವಾನಗಿರಿ ಬಿಟ್ಟ ಮೇಲೂ ದುಡಿದರು ಎಂದು. ಅವರು ಅಡುಗೆಮನೆ ನಡೆಸಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮಗೆ ಇನ್ನೂ ಹತ್ತಿರದ ಹೆಸರು ಫ.ಗು. ಹಳಕಟ್ಟಿಯವರದು. ವೃತ್ತಿಯಿಂದ ವಿಜಯಪುರದ ವಕೀಲರು. ತಾಳೆಗರಿ ಹುಡುಕುವ ಆಸಕ್ತಿ ವಕೀಲಿಯನ್ನೇ ಹಿಂದೆ ಹಾಕಿತು. 1923ರಲ್ಲಿ ವಚನಶಾಸ್ತ್ರಸಾರ ಬಂತು, 1926ರಲ್ಲಿ ಶಿವಾನುಭವ ಪತ್ರಿಕೆ. ಛಾಪಖಾನೆಗಾಗಿ ಮನೆಯನ್ನೇ ಮಾರಿದರು. ಇಷ್ಟಪಟ್ಟು ಹಿಡಿದ ಒಂದು ಕೆಲಸ ಇಡೀ ನಾಡಿಗೆ ಏನು ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಹಾಗಾದರೆ ಅರವತ್ತೈದರ ಆ ತಾಯಿಗೂ ಇಷ್ಟಪಟ್ಟು ಹಿಡಿಯುವ ಕೆಲಸ ಯಾವುದೋ ಇರಬೇಕಲ್ಲ? ಕೆಲವರಿಗೆ ಕಸೂತಿ, ಕೆಲವರಿಗೆ ವಚನ ಗಾಯನ. ಶಾಲೆ ಬಿಡಿಸಿದ್ದಕ್ಕೆ ನಿಂತುಹೋದ ಓದು ಇನ್ನು ಕೆಲವರಿಗೆ. ಕೇಳಿದರೆ ಮೊದಲು "ಏನೂ ಇಲ್ಲ" ಎನ್ನುತ್ತಾರೆ. ಎರಡನೇ ಸಲ ಕೇಳಬೇಕು.

ಭಾರದ ಕೆಲಸ ಬಿಡುವುದು ಎಂದರೆ ಸೊಸೆಯ ತಲೆಗೆ ಹೊರಿಸುವುದಲ್ಲ. ಆಕೆಯೂ ಉದ್ಯಮಬಾಗಕ್ಕೋ ಶಾಲೆಗೋ ದುಡಿಯಲು ಹೋಗಿ ದಣಿದು ಬಂದಿರುತ್ತಾಳೆ. ಕೆಲಸದಾಕೆಗೆ ಮುನ್ನೂರು ಐದುನೂರು ಕೊಟ್ಟು ಎಲ್ಲ ಮಾಡಿಸಿಕೊಳ್ಳುವುದೂ ಅಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಆದದ್ದು 2004ರಲ್ಲಿ. ಪೆನ್ಶನ್‌ದಾರರ ಮನೆಗಳಲ್ಲಿ ಆ ದರ ಎಷ್ಟು ಎಂದು ಕೇಳಿ ನೋಡಿ, ಉತ್ತರ ಸಿಗುವುದು ಕಷ್ಟ. ಕಾಯಕಕ್ಕೆ ಗೌರವ ಎನ್ನುವ ನಾವು ಕೂಲಿಯಲ್ಲಿ ಚೌಕಾಸಿ ಮಾಡಬಾರದು.

ಕೆಲಸವನ್ನೇ ಕಡಿಮೆ ಮಾಡುವುದು ಮೊದಲನೆಯದು. ಗ್ರ್ಯಾಚ್ಯುಟಿ ಬಂದ ಹುರುಪಿನಲ್ಲಿ ಇಬ್ಬರೇ ಇರುವ ಮನೆಗೆ ಎರಡು ಅಂತಸ್ತು ಕಟ್ಟುತ್ತೇವೆ. ಅದನ್ನು ಗುಡಿಸುವವರು ಯಾರೆಂದು ನಕಾಶೆಯಲ್ಲಿ ಬರೆದಿರುವುದಿಲ್ಲ. ಕಟ್ಟುವವರು ಒಂದೇ ಅಂತಸ್ತು ಕಟ್ಟಿ, ಹೊಸ್ತಿಲು ಎತ್ತರ ಮಾಡಬೇಡಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿ. ಅಡುಗೆಕಟ್ಟೆಯ ಎತ್ತರ ನಿಂತು ಕೆಲಸ ಮಾಡುವವರ ಮೊಣಕೈಗಿಂತ ಸ್ವಲ್ಪ ಕೆಳಗಿರಲಿ, ನಮ್ಮ ಹೆಣ್ಣುಮಕ್ಕಳ ಎತ್ತರಕ್ಕೆ ಸಾಮಾನ್ಯವಾಗಿ 80ರಿಂದ 85 ಸೆಂಟಿಮೀಟರ್. ಮೇಸ್ತ್ರಿಯ ಅಂದಾಜಿಗೆ ಬಿಡದೆ ಆಕೆಯನ್ನೇ ನಿಲ್ಲಿಸಿ ಅಳತೆ ತೆಗೆದುಕೊಳ್ಳಿ. ಮೇಲೆ ಟ್ಯಾಂಕು, ಒಳಗೆ ನಳ ಬಂದರೆ ಕೊಡದ ಲೆಕ್ಕವೇ ಮುಗಿಯುತ್ತದೆ. 2008ರಲ್ಲಿ ಬೆಳಗಾವಿಯ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಬಿಟ್ಟಾಗ, ನಳಕ್ಕೆ ಕಾದು ಕೂರುವ ಹೊತ್ತು ಆ ಮನೆಗಳ ಹೆಂಗಸರಿಗೆ ಉಳಿಯಿತು. ಹಂಡೆಯ ಬದಲು ಸೌರ ಹೀಟರ್ ಹಾಕಿದರೂ, ಖಾನಾಪುರ ಕಡೆಯ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಿ ಕೂರಲಾಗದು, ಜೊತೆಗೆ ವಿದ್ಯುತ್ ಕಾಯಿಲ್ ಇರಲಿ. ಗ್ಯಾಸ್ ಗೀಜರನ್ನು ಮಾತ್ರ ಮುಚ್ಚಿದ ಬಚ್ಚಲೊಳಗೆ ಇಡಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಖಡಕ್ ರೊಟ್ಟಿ ಕೊಂಡು ತಂದರೆ ಮಾನ ಹೋಗುವುದಿಲ್ಲ. ನಮ್ಮ ಭಾಗದ ಲಿಂಗಾಯತ ಖಾನಾವಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ರೊಟ್ಟಿ ಬಡಿದೇ ಸಂಸಾರ ಎತ್ತಿ ನಿಲ್ಲಿಸಿದ್ದಾರೆ. ನಿಮ್ಮ ಒಂದು ಡಜನ್ ರೊಟ್ಟಿಯ ಹಣ ಅಂಥ ಮನೆಗೇ ಹೋಗುತ್ತದೆ. ಶಂಡಿಗೆ, ಹಪ್ಪಳ, ಉಪ್ಪಿನಕಾಯಿಯೂ ಅಷ್ಟೇ. ನೆಂಟರೆಲ್ಲ ಬರುವ ಹಬ್ಬಕ್ಕೆ ಹೋಳಿಗೆ ಬೇಕೇ ಬೇಕೆಂದರೆ, ಹೂರಣ ರುಬ್ಬುವುದು ಯಜಮಾನರ ಪಾಲಿಗಿರಲಿ.

ಉಳಿದ ಕೆಲಸಕ್ಕೆ ಒಂದು ಪಟ್ಟಿ ಮಾಡಿ. ನಿವೃತ್ತರಾದ ಗಂಡಸರಿಗೆ ಪಟ್ಟಿ ಮಾಡುವುದು ಚೆನ್ನಾಗಿ ಬರುತ್ತದೆ. ಯಾವ ಕೆಲಸ, ಯಾವ ಹೊತ್ತು, ಇನ್ನು ಮುಂದೆ ಯಾರದು, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ವಾರ ಸಾರು ಉಪ್ಪಾಗುತ್ತದೆ, ಚೊಂಬು ಸರಿಯಾಗಿ ಬೆಳಗುವುದಿಲ್ಲ. ಆಕೆ ಬಂದು ತಿದ್ದಲು ಕೂರದಂತೆ, ಆ ಹೊತ್ತಿಗೆ ಆಕೆಯನ್ನು ಮನೆಯಿಂದ ಹೊರಗೆ ಕಳಿಸುವುದು ಮೇಲು.

ನಮ್ಮ ಓದುಗರಲ್ಲಿ ಹೀಗೆ ಚಾರ್ಜು ತೆಗೆದುಕೊಂಡ ಗಂಡಸರಿದ್ದರೆ ಪತ್ರಿಕೆಗೆ ಬರೆಯಿರಿ. ಚಾರ್ಜು ಕೊಟ್ಟ ತಾಯಂದಿರು ಬರೆದರೆ ಅವರ ಪತ್ರವನ್ನು ಮೊದಲು ಅಚ್ಚು ಹಾಕುತ್ತೇವೆ. ಈ ಸಲದ ಶ್ರಾವಣ ಪ್ರವಚನಕ್ಕೆ ದಾಸೋಹದ ಸರದಿ ಪಟ್ಟಿ ತಯಾರಿಸುವ ಮಠದ ಕಾರ್ಯಕರ್ತರು, ಪಾತ್ರೆ ತಿಕ್ಕುವ ಸಾಲಿನಲ್ಲಿ ಸಂಪಾದಕರ ಹೆಸರನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ.