ಸೆನೆಕನ ಇರುಳು, ಶ್ರಾವಕನ ಪ್ರತಿಕ್ರಮಣ

ಭಾದ್ರಪದ ಶುಕ್ಲ ಪಂಚಮಿಯಿಂದ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಅದರ ಮೊದಲ ದಿನ ಉತ್ತಮ ಕ್ಷಮಾ ಧರ್ಮಕ್ಕೆ ಮೀಸಲು. ಚತುರ್ದಶಿಯಂದು ಪರ್ವ ಮುಗಿದ ಬಳಿಕ ಬರುವ ಕ್ಷಮಾವಣಿಯೂ ಕ್ಷಮೆಯದೇ. ಕ್ಷಮೆಯಿಂದ ತೊಡಗಿ ಕ್ಷಮೆಗೇ ಬಂದು ನಿಲ್ಲುವ ಈ ಪರ್ವದ ಮುನ್ನಾದಿನಗಳಲ್ಲಿ ಒಬ್ಬ ರೋಮನ್ ತತ್ತ್ವಜ್ಞಾನಿಯ ಪ್ರಸ್ತಾಪದಿಂದ ಮಾತು ಆರಂಭಿಸುವುದು ಈ ಅಂಕಣದ ಓದುಗರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಿದೆ.

ಬ್ರಹ್ಮಪುರದ ನಮ್ಮ ಓಣಿಯಲ್ಲಿ ಒಬ್ಬ ತರುಣನಿದ್ದಾನೆ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವವನು. ಕೆಲವು ತಿಂಗಳ ಹಿಂದೆ ಅವನು ಒಂದು ವಹಿಯನ್ನು ತಂದು ತೋರಿಸಿದ. ದಿನವೂ ಮಲಗುವ ಮುನ್ನ ಅದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನಂತೆ: ಅಂದು ತಪ್ಪಿದ್ದೆಲ್ಲಿ, ಮಾಡಿದ್ದೇನು, ಮಾಡದೆ ಉಳಿಸಿದ್ದೇನು. ಇದು ಗ್ರೀಸಿನ ಪೈಥಾಗೊರಸನ ಅನುಯಾಯಿಗಳ ಪರಂಪರೆಯಿಂದ ಬಂದ ಅಭ್ಯಾಸ. ಮುಂದೆ ರೋಮಿನ ಸ್ಟೋಯಿಕ್ ಪಂಥದವರೂ ಇಂಥದನ್ನು ತಮ್ಮದಾಗಿಸಿಕೊಂಡರು. ಈಗ ಅದು ಮೊಬೈಲಿನ ದಾರಿಯಿಂದ ಕಲಬುರಗಿಗೂ ಬಂದು ತಲುಪಿದೆ. "ನಮ್ಮಲ್ಲಿ ಇಂಥಾದ್ದು ಏನರ ಅದ ಏನ್ರಿ, ಸರ್?" ಎಂದು ಅವನು ಕೇಳಿದ. ಜೈನ ಮನೆತನದ ಹುಡುಗ ಹೀಗೆ ಕೇಳಬೇಕಾಗಿ ಬಂದುದಕ್ಕೆ ನಾನು ಅವನನ್ನು ದೂರಲಾರೆ. ಪ್ರತಿಕ್ರಮಣದ ಪಾಠವನ್ನು ಅವನು ಬಸದಿಯಲ್ಲಿ ಎಷ್ಟೋ ಸಲ ಕೇಳಿದ್ದಾನೆ. ಅದು ಈ ವಹಿಯ ಸಂಗತಿಯೇ ಎಂದು ಹಿರಿಯರಾದ ನಾವು ಯಾರೂ ಅವನಿಗೆ ಹೇಳಿರಲಿಲ್ಲ.

ಅವನು ಕೊಟ್ಟುಹೋದ ಪುಸ್ತಕದ ಮೂಲಕ ಸೆನೆಕನನ್ನು ಓದಿದೆ. ಕ್ರಿಸ್ತಶಕ ಒಂದನೆಯ ಶತಮಾನದವನು. ನೀರೋ ಚಕ್ರವರ್ತಿಗೆ ಬಾಲ್ಯದಲ್ಲಿ ಗುರುವಾಗಿದ್ದವನು. 65ರಲ್ಲಿ ಅದೇ ಶಿಷ್ಯನ ಆಜ್ಞೆಯಂತೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಗಿ ಬಂದವನು. (ಉಪಾಧ್ಯಾಯ ವೃತ್ತಿಯಲ್ಲಿದ್ದವರು ಈ ಸಂಗತಿಯನ್ನು ಸುಲಭವಾಗಿ ಮರೆಯಲಾರರು.) ಕೋಪವನ್ನು ಕುರಿತು ಅವನು ತನ್ನ ಅಣ್ಣನನ್ನು ಉದ್ದೇಶಿಸಿ ಮೂರು ಭಾಗಗಳ ಗ್ರಂಥವೊಂದನ್ನು ಬರೆದಿದ್ದಾನೆ. ಅದರಲ್ಲಿ ಪ್ಲೇಟೋನ ಒಂದು ಪ್ರಸಂಗವಿದೆ. ತಪ್ಪು ಮಾಡಿದ ಸೇವಕನನ್ನು ಹೊಡೆಯಲು ಎತ್ತಿದ ಕೈಯನ್ನು ಪ್ಲೇಟೋ ಹಾಗೆಯೇ ಎತ್ತಿ ಹಿಡಿದು ನಿಂತಿದ್ದನಂತೆ. ಏಕೆಂದು ಗೆಳೆಯನೊಬ್ಬ ಕೇಳಿದಾಗ, ಕೋಪಗೊಂಡ ಒಬ್ಬ ಮನುಷ್ಯನನ್ನು ದಂಡಿಸುತ್ತಿರುವುದಾಗಿ ಹೇಳಿದನಂತೆ. ಬೆತ್ತ ಹಿಡಿದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ಚಿತ್ರ ಬೇಗನೆ ಮಾಸುವುದಿಲ್ಲ.

ಮೂರನೆಯ ಭಾಗದಲ್ಲಿ ಸೆನೆಕ ತನ್ನ ಇರುಳಿನ ರೂಢಿಯನ್ನು ವಿವರಿಸುತ್ತಾನೆ. ದೀಪ ತೆಗೆದ ಮೇಲೆ, ಅವನ ಅಭ್ಯಾಸವನ್ನು ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಆ ದಿನದ ನಡೆನುಡಿಗಳನ್ನೆಲ್ಲ ಮತ್ತೊಮ್ಮೆ ಅಳೆದು ನೋಡುತ್ತಾನೆ. ತನ್ನಿಂದ ತಾನು ಏನನ್ನೂ ಮುಚ್ಚಿಡುವುದಿಲ್ಲ. ನಾನು ಪಾಪಿಯೆಂದು ಒಟ್ಟಾರೆಯಾಗಿ ಹೇಳಿ ಅವನು ಕೈತೊಳೆದುಕೊಳ್ಳುವುದಿಲ್ಲ, ಘಟನೆಯನ್ನು ಹಿಡಿದು ವಿಚಾರಿಸುತ್ತಾನೆ. ಒಂದು ವಾದದಲ್ಲಿ ಬಿರುಸಾಗಿ ಮಾತನಾಡಿದ್ದು, ಒಬ್ಬನಿಗೆ ಬುದ್ಧಿ ಹೇಳುವಾಗ ಮಿತಿ ಮೀರಿದ್ದು, ಅದರಿಂದ ಆತ ತಿದ್ದಿಕೊಳ್ಳದೆ ಬರಿದೇ ನೊಂದುಕೊಂಡದ್ದು ಅವನ ಉದಾಹರಣೆಗಳು. ಈ ಕೊನೆಯ ಉದಾಹರಣೆಯನ್ನು ಓದಿದ ರಾತ್ರಿ ನಾನು ಪುಸ್ತಕವನ್ನು ಮುಚ್ಚಿಟ್ಟೆ.

ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂದು ಪ್ರೌಢಶಾಲೆಯಲ್ಲಿ ನಾನು ಎಂಟನೆಯ ತರಗತಿಯ ವರ್ಗಶಿಕ್ಷಕನಾಗಿದ್ದಾಗ, ಮಕ್ಕಳಿಂದ ಸಂಗ್ರಹಿಸಿದ ಪರೀಕ್ಷಾ ಶುಲ್ಕದಲ್ಲಿ 140 ರೂಪಾಯಿ ಕಡಿಮೆ ಬಂತು. ನನ್ನ ಮೇಜಿನ ಬಳಿ ಸುಣ್ಣದ ಕಡ್ಡಿ ತರಲು ಹೋಗಿದ್ದವನು ಕಲ್ಲಿನ ಗಣಿಯಲ್ಲಿ ದುಡಿಯುವವರೊಬ್ಬರ ಮಗ. ಅವನೇ ತೆಗೆದನೆಂದು ನಿಶ್ಚಯಿಸಲು ನನಗೆ ಅಷ್ಟು ಸಾಕಾಯಿತು. ತರಗತಿಯ ಎದುರಿನಲ್ಲಿ ಹೊಡೆದೆ, ಕಳ್ಳನೆಂದೆ, ತಂದೆಯನ್ನು ಕರೆಸಿದೆ. ತಂದೆ ಮರುಮಾತಾಡದೆ ಹಣ ಕಟ್ಟಿ, ಮಗನಿಗೆ ಅಲ್ಲಿಯೇ ಎರಡು ಏಟು ಕೊಟ್ಟು ಹೋದರು. ರಜೆಯಲ್ಲಿ ಹಾಜರಿ ಪುಸ್ತಕದ ಹೊದಿಕೆಯನ್ನು ಬಿಚ್ಚಿದಾಗ ನೋಟುಗಳು ಅದರೊಳಗೆ ಇದ್ದವು. ನಾನೇ ಇಟ್ಟು ಮರೆತಿದ್ದೆ. ಮರುದಿನ ಸಿಪಾಯಿಯ ಕೈಯಲ್ಲಿ ಹಣವನ್ನು ಆ ಮನೆಗೆ ಕಳಿಸಿದೆ. ಎಲ್ಲಿ ಸಿಕ್ಕಿತೆಂದು ಹೇಳಿ ಕಳಿಸಲಿಲ್ಲ.

ಆ ಬಳಿಕ ಎಷ್ಟು ಸಂಜೆ ಸಾಮಾಯಿಕಕ್ಕೆ ಕುಳಿತಿದ್ದೇನೋ ಲೆಕ್ಕವಿಲ್ಲ. 48 ನಿಮಿಷ ನಿಶ್ಚಲವಾಗಿ ಕೂರುವುದು ನನಗೆ ರೂಢಿಯಾಗಿತ್ತು. ಪ್ರತಿಕ್ರಮಣದ ಪಾಠ ಬಾಯಿಗೆ ಬರುತ್ತಿತ್ತು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ, ಎಂಬತ್ನಾಲ್ಕು ಲಕ್ಷ ಯೋನಿಗಳ ಜೀವರಾಶಿಯ ಕ್ಷಮೆಯನ್ನು ಬೇಡಿದ್ದೇನೆ. ಆ ಒಬ್ಬ ಹುಡುಗನ ಹೆಸರು ಒಂದು ಸಲವೂ ನನ್ನ ಬಾಯಿಗೆ ಬರಲಿಲ್ಲ.

ಇದು ನನ್ನೊಬ್ಬನ ದೋಷವಾಗಿದ್ದರೆ ಈ ಅಂಕಣದಲ್ಲಿ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಆಚಾರ್ಯರು ಇದನ್ನು ಮೊದಲೇ ಕಂಡಿದ್ದರು. ‘ವಡ್ಡಾರಾಧನೆ’ಯ ಕಥೆಗಳ ಮೊದಲಿಗೆ ಬರುವ ಗಾಹೆಗಳು ಶಿವಾರ್ಯರ ‘ಭಗವತೀ ಆರಾಧನೆ’ಯಲ್ಲಿ ದೊರೆಯುತ್ತವೆಂಬುದನ್ನು ಕನ್ನಡ ಓದಿದವರು ಬಲ್ಲರು. ಆ ಪ್ರಾಕೃತ ಗ್ರಂಥದಲ್ಲಿ ಆಲೋಚನೆಯ, ಅಂದರೆ ಗುರುವಿನ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಕ್ರಿಯೆಯ, ಹತ್ತು ದೋಷಗಳನ್ನು ಹೇಳಿದೆ. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಹೇಳುವುದು ‘ದೃಷ್ಟ’ ದೋಷ. ದೊಡ್ಡದನ್ನು ಮುಚ್ಚಿ ಸಣ್ಣಪುಟ್ಟದ್ದನ್ನು ಮಾತ್ರ ಒಪ್ಪಿಕೊಳ್ಳುವುದು ‘ಸೂಕ್ಷ್ಮ’. ಗುರುವಿನ ಮನಸ್ಸನ್ನು ಮೊದಲೇ ಮೆತ್ತಗಾಗಿಸಿಕೊಂಡು, ಪ್ರಾಯಶ್ಚಿತ್ತ ಕಡಿಮೆಯಾಗಲೆಂಬ ಆಸೆಯಿಂದ ಹೇಳುವುದು ಇನ್ನೊಂದು. ನನಗೆ ಎಲ್ಲಕ್ಕಿಂತ ನಾಟಿದ್ದು ‘ಶಬ್ದಾಕುಲಿತ’: ಎಲ್ಲರೂ ಒಟ್ಟಾಗಿ ಪಠಿಸುವ ಗದ್ದಲದ ನಡುವೆ, ಗುರುವಿಗೆ ಸ್ಪಷ್ಟವಾಗಿ ಕೇಳಿಸದಂತೆ ತನ್ನ ತಪ್ಪನ್ನು ಹೇಳಿ ಮುಗಿಸುವುದು. ಇವು ಮುನಿಗಳಿಗಾಗಿ ಹೇಳಿದವು, ನಿಜ. ಆದರೆ ಪರ್ವದ ದಿನ ನೂರು ಕಂಠಗಳ ಜೊತೆಗೆ ನಾನೂ ಪ್ರತಿಕ್ರಮಣ ಹೇಳುವಾಗ ಆಗುತ್ತಿರುವುದು ಬೇರೆ ಏನು? ಮೊಬೈಲಿನಲ್ಲಿ ಒಂದೇ ಕ್ಷಮಾಯಾಚನೆಯ ಚಿತ್ರವನ್ನು ಇನ್ನೂರು ಜನರಿಗೆ ಒಮ್ಮೆಲೇ ಕಳಿಸುವ ಈಗಿನ ಪದ್ಧತಿಗೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ರೋಮಿನವರ ಮಾತು ನಮಗೇಕೆ ಎಂದು ನನ್ನ ಸಮವಯಸ್ಕ ಶ್ರಾವಕರು ಕೇಳುತ್ತಾರೆ. ಅಲೆಕ್ಸಾಂಡರನೊಡನೆ ಬಂದಿದ್ದ ಒನೆಸಿಕ್ರಿಟಸ್ ತಕ್ಷಶಿಲೆಯ ನಗ್ನ ತಪಸ್ವಿಗಳ ಮುಂದೆ ನಿಂತು ಅವರ ವಿಚಾರ ಕೇಳಿಕೊಂಡ. ಅವರು ಜೈನರೇ ಆಗಿದ್ದರೆಂದು ನಾವು ಹಟ ಹಿಡಿಯಬೇಕಾಗಿಲ್ಲ. ಪರರ ವಿಚಾರಕ್ಕೆ ಬಾಗಿಲು ತೆರೆದಿಡುವ ಮಾತನ್ನು ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಆಡಿ ಹನ್ನೊಂದು ಶತಮಾನಗಳು ಕಳೆದಿವೆ. ಅವನ ರಾಜಧಾನಿ ಮಾನ್ಯಖೇಟ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ. ನಮ್ಮ ಪ್ರತಿಕ್ರಮಣ ಎಲ್ಲಿ ಸಡಿಲವಾಗಿದೆಯೆಂದು ನನಗೆ ತೋರಿಸಿಕೊಟ್ಟವನು ಸೆನೆಕ. ಆ ಉಪಕಾರವನ್ನು ಒಪ್ಪಿಕೊಳ್ಳಬೇಕು.

ಆದರೆ ಅವನೊಡನೆ ಕೊನೆಯವರೆಗೂ ಹೋಗಲು ನನಗೆ ಆಗಲಿಲ್ಲ. ತನ್ನ ತಪ್ಪನ್ನು ಎತ್ತಿ ಹೇಳಿದ ಮೇಲೆ ಸೆನೆಕ, ಮತ್ತೆ ಹೀಗಾಗದಿರಲೆಂದು ಎಚ್ಚರಿಸಿ, ಆ ಸಲಕ್ಕೆ ತನ್ನನ್ನು ತಾನೇ ಕ್ಷಮಿಸಿಬಿಡುತ್ತಾನೆ. ಬುದ್ಧಿವಾದದಿಂದ ನೊಂದುಹೋದ ಮನುಷ್ಯ ಮರುದಿನ ಬೆಳಿಗ್ಗೆಯೂ ನೊಂದೇ ಇರುತ್ತಾನೆ. ಅವನ ಬಳಿಗೆ ಹೋಗುವ ಮಾತು ಅಲ್ಲಿಲ್ಲ. ಸ್ಟೋಯಿಕರಿಗೆ ಇದು ತರ್ಕಬದ್ಧವೇ. ತಪ್ಪು ಮಾಡಿದವನು ಕೆಡಿಸಿಕೊಳ್ಳುವುದು ತನ್ನ ಆತ್ಮವನ್ನೇ ಎಂದು ಅವರ ಸಿದ್ಧಾಂತ.

ಜೈನ ಸಿದ್ಧಾಂತವೂ ಇದಕ್ಕೆ ಬಹಳ ಹತ್ತಿರವಾಗಿದೆ. ಹಿಂಸೆಯ ಭಾವ ಹುಟ್ಟಿದೊಡನೆ ಮೊದಲು ಘಾತವಾಗುವುದು ನಮ್ಮದೇ ಶುದ್ಧ ಪರಿಣಾಮಕ್ಕೆ; ಕಟ್ಟಿಕೊಂಡ ಕರ್ಮವನ್ನು ಎದುರಿನವನು ಕ್ಷಮಿಸಿದ ಮಾತ್ರಕ್ಕೆ ಕಳಚಲಾಗದು. ಹಾಗಾದರೆ ಅವನ ಬಾಗಿಲಿಗೆ ಹೋಗುವುದೇಕೆ? ಪಾರ್ಶ್ವನಾಥ ಚರಿತೆಗಳಲ್ಲಿ ಇದಕ್ಕೆ ಉತ್ತರವಿದೆಯೆಂದು ನಾನು ತಿಳಿದಿದ್ದೇನೆ. ಅಣ್ಣ ಕಮಠ, ತಮ್ಮ ಮರುಭೂತಿ. ದೇಶಭ್ರಷ್ಟನಾದ ಅಣ್ಣನ ಕ್ಷಮೆ ಕೇಳಲು ನಿರಪರಾಧಿಯಾದ ಮರುಭೂತಿಯೇ ಕಾಡಿಗೆ ಹೋದ. ಕಲ್ಲನ್ನು ಎತ್ತಿ ಹಿಡಿದು ತಪಸ್ಸಿಗೆ ನಿಂತಿದ್ದ ಕಮಠ, ಕಾಲಿಗೆರಗಿದ ತಮ್ಮನ ಮೇಲೆ ಅದೇ ಕಲ್ಲನ್ನು ಹಾಕಿ ಕೊಂದ. ಆ ವೈರ ಜನ್ಮದಿಂದ ಜನ್ಮಕ್ಕೆ ಹರಿದು, ಮರುಭೂತಿಯ ಜೀವ ತೀರ್ಥಂಕರನಾಗಿ ಧ್ಯಾನಕ್ಕೆ ನಿಂತಾಗಲೂ ಉಪಸರ್ಗವಾಗಿ ಎರಗಿತು. ಆ ಕೊನೆಯ ಉಪಸರ್ಗವನ್ನೇ ವಸ್ತುವಾಗಿಸಿ ‘ಪಾರ್ಶ್ವಾಭ್ಯುದಯ’ವನ್ನು ರಚಿಸಿದವರು ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು. ನಾವು ಹುಟ್ಟಿಸಿದ ನೋವು ಇನ್ನೊಂದು ಜೀವದಲ್ಲಿ ವೈರವಾಗಿ ಬೆಳೆಯುತ್ತಿರುವಾಗ, ನಮ್ಮ ಆತ್ಮದ ಲೆಕ್ಕವನ್ನು ಮಾತ್ರ ಚೊಕ್ಕ ಮಾಡಿಕೊಂಡು ಮಲಗುವುದು ಸಲ್ಲದು.

ಇದಕ್ಕೆ ಕಾಲದ ಮಿತಿಯೂ ಇದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕ್ರೋಧದ ನಾಲ್ಕು ತರಗಳನ್ನು ಕಲ್ಲಿನ, ನೆಲದ, ಧೂಳಿನ, ನೀರಿನ ಮೇಲಿನ ಗೆರೆಗಳಿಗೆ ಹೋಲಿಸುತ್ತಾರೆ. ಕಷಾಯದ ಸಂಸ್ಕಾರ ಅಂತರ್ಮುಹೂರ್ತದಲ್ಲಿ ಅಳಿದರೆ ಅದು ಸಂಜ್ವಲನ; ಒಂದು ಪಕ್ಷದವರೆಗೆ ಉಳಿದರೆ ಪ್ರತ್ಯಾಖ್ಯಾನಾವರಣ; ಆರು ತಿಂಗಳವರೆಗೆ ಉಳಿದರೆ ಅಪ್ರತ್ಯಾಖ್ಯಾನಾವರಣ; ಅದನ್ನೂ ಮೀರಿ ಭವಾಂತರಕ್ಕೆ ಸಾಗುವುದು ಅನಂತಾನುಬಂಧಿ. ಕೋಪಕ್ಕೆ ತಡಮಾಡುವುದೇ ದೊಡ್ಡ ಮದ್ದೆಂದು ಸೆನೆಕ ಹೇಳುತ್ತಾನೆ. ಅದು ಹೊಡೆಯುವ ಮುಂಚಿನ ಮಾತು. ಹೊಡೆದಾದ ಮೇಲಿನ ತಡಕ್ಕೆ ನಮ್ಮವರು ಆರು ತಿಂಗಳ ಗಡಿ ಹಾಕಿದರು. ನಾನು ಮೂವತ್ತು ವರ್ಷ ತಡಮಾಡಿದೆ.

ವಿಚಾರಿಸಿ, ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಈಗ ನಡುವಯಸ್ಸಿನವರು, ಹಾಸುಗಲ್ಲಿನ ವ್ಯಾಪಾರ. ಗುರುತು ಹಿಡಿದು, ಕುರ್ಚಿ ಹಾಕಿಸಿ, ಚಹಾ ತರಿಸಿದರು. ಹೇಳಬೇಕಾದುದನ್ನು ಹೇಳಿದೆ: ಹಣ ಎಲ್ಲಿ ಸಿಕ್ಕಿತ್ತು, ಅದನ್ನು ಏಕೆ ಮುಚ್ಚಿಟ್ಟೆ. ಅವರು ಬಹಳ ಹೊತ್ತು ಕಲ್ಲುಗಳ ಕಡೆಗೆ ನೋಡುತ್ತ ಕುಳಿತಿದ್ದರು.

"ಸರ್, ನನಗ ಬಂದು ಹೇಳಿದ್ರಿ, ಛಲೋ ಆಯ್ತು. ಆದ್ರ ನಮ್ಮಪ್ಪಗ ಹೇಳಬೇಕಿತ್ರಿ. ಅವ ತೀರಿಕೊಂಡು ಎಂಟು ವರ್ಷ ಆಯ್ತು. ರೊಕ್ಕ ವಾಪಸ್ ಕಳಿಸ್ಯಾರ, ಬಡವರ ಮ್ಯಾಲ ಕರುಣಾ ಇದ್ದ ಮಾಸ್ತರು ಅಂತ ಸಾಯೂತನಕಾ ನಿಮ್ಮ ಹೆಸರು ಹೇಳ್ತಿದ್ದ. ನನ್ನ ಕೈಗೆ ಮಾತ್ರ ಒಂದಿನಾನೂ ಮನಿ ರೊಕ್ಕ ಕೊಡಲಿಲ್ಲ."

ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಹೇಳಲೆಂದು ನಾನೂ ಕಾಯಲಿಲ್ಲ. ಬೀಳ್ಕೊಡಲು ರಸ್ತೆಯವರೆಗೆ ಬಂದರು.

ಈ ಸಂಗತಿಯನ್ನು ಓಣಿಯ ತರುಣನಿಗೆ ಹೇಳಿದೆ. ಮೂರು ಪ್ರಶ್ನೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಬಿಡು, ಯಾರಿಗೆ ನೋವಾಯಿತೆಂದು ಹೆಸರು ಬರೆ, ಅವರ ಬಳಿಗೆ ಯಾವ ದಿನ ಹೋದೆಯೆಂಬ ತಾರೀಖನ್ನೂ ಬರೆ ಎಂದೆ. ಅವನು ಅಲ್ಲಿಯೇ ಕುಳಿತು ಗೆರೆ ಎಳೆದ. ನಾನೂ ಒಂದು ವಹಿ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಮೂರು ಹೆಸರುಗಳಿವೆ. ಒಬ್ಬರು ಸೇಡಂನಲ್ಲಿದ್ದಾರೆ, ಒಬ್ಬರು ಮಗಳ ಮನೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದಾರೆ, ಇನ್ನೊಬ್ಬರು ಇದೇ ಓಣಿಯ ಕೊನೆಯ ಮನೆಯವರು, ಹನ್ನೊಂದು ವರ್ಷಗಳಿಂದ ಅವರಿಗೂ ನನಗೂ ಮಾತಿಲ್ಲ. ಕ್ಷಮಾವಣಿಯ ದಿನವೇ ಹೋಗುವುದೆಂದುಕೊಂಡಿದ್ದೆ. ಇಷ್ಟು ಬರೆದ ಮೇಲೆ ಅಲ್ಲಿಯವರೆಗೆ ಕಾಯುವುದು ಸರಿಯೆನಿಸುತ್ತಿಲ್ಲ. ಅವರ ಮನೆಯ ಕಟ್ಟೆಯ ಮೇಲೆ ಈಗ ದೀಪ ಕಾಣುತ್ತಿದೆ.