ಎಸ್ಕೇಪ್ ಆದ್ಯಾ, ಪಾರಾದ್ಯಾ?

ಮೊದಲ ಕೆಲಸ ಸೇರಿ ಮೂರು ವಾರ ಆಗಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೆಳಗಿನ ಮೀಟಿಂಗ್ ತಪ್ಪಿತು. ಟೀಮ್ ಲೀಡ್‌ಗೆ ಇಂಗ್ಲಿಷಿನಲ್ಲೇ ಮೆಸೇಜ್ ಹಾಕಿದೆ: 'ಸಾರಿ, ಐ ಎಸ್ಕೇಪ್ಡ್ ದ ಮೀಟಿಂಗ್.' ಅವರ ಉತ್ತರ ಬಂತು: 'ಅಷ್ಟು ಬೋರ್ ಆಗ್ತಾವಾ ನಮ್ಮ ಮೀಟಿಂಗು?'

ನಾನು ಹೇಳಬೇಕಿದ್ದದ್ದು 'ಮಿಸ್ಡ್'. ಕನ್ನಡದಲ್ಲಿ 'ಮೀಟಿಂಗ್ ತಪ್ಪಿತು' ಅಂದರೆ ನನ್ನ ತಪ್ಪಿಲ್ಲ, 'ತಪ್ಪಿಸಿದೆ' ಅಂದರೆ ಬೇಕಂತಲೇ ಮಾಡಿದ್ದು. ನಡುವಿನ ಒಂದು 'ಸಿ' ಎಲ್ಲಾ ಹೇಳಿಬಿಡುತ್ತದೆ. ಎಸ್ಕೇಪ್ ಅಂದಕೂಡಲೇ ಆ 'ಸಿ' ಸೇರಿಕೊಂಡೇ ಬರುತ್ತದೆ.

ಈ ಕ್ರಿಯಾಪದದಲ್ಲಿ ನಾವು ಎಡವುವುದು ಮುಖ್ಯವಾಗಿ 'ಫ್ರಮ್' ಹತ್ತಿರ. ಒಳಗೆ ಸಿಕ್ಕಿದ್ದು ಹೊರಬಂದರೆ 'ಫ್ರಮ್' ಬೇಕು: 'ಎಸ್ಕೇಪ್ಡ್ ಫ್ರಮ್ ಜೈಲ್'. ಸಿಗುವ ಮೊದಲೇ ಉಳಿದುಕೊಂಡರೆ ಬೇಡ: 'ಎಸ್ಕೇಪ್ಡ್ ಪನಿಶ್‌ಮೆಂಟ್', 'ಎಸ್ಕೇಪ್ಡ್ ಡೆತ್'. ಹೀಗಾಗಿ ಸುದ್ದಿಯಲ್ಲಿ 'ಎಸ್ಕೇಪ್ಸ್ ಜೈಲ್' ಅಂತ ಕಂಡರೆ ಗೋಡೆ ಹಾರಿದ ಅಂತ ಅಲ್ಲ, ಜೈಲು ಶಿಕ್ಷೆಯೇ ಆಗಲಿಲ್ಲ ಅಂತಲೇ ಬಹಳ ಸಲ ಅರ್ಥ.

ಇನ್ನೊಂದು ಮಜಾ ಬಳಕೆ: 'ಹಿಸ್ ನೇಮ್ ಎಸ್ಕೇಪ್ಸ್ ಮಿ'. ಇಲ್ಲಿ ಓಡಿಹೋಗೋದು ಹೆಸರು, ಹಿಡಿಯೋಕೆ ಆಗದವನು ನಾನು. ನಾವು 'ಹೆಸರು ನೆನಪಿಗೆ ಬರವಲ್ದು' ಅಂತೀವಿ. ಗ್ಯಾಸ್ ಎಸ್ಕೇಪ್ ಆದರೆ ನಮ್ಮಲ್ಲಿ ಸೋರುತ್ತದೆ. ಟೆಸ್ಟಿಂಗ್ ದಾಟಿ ಗ್ರಾಹಕರ ಕೈಗೆ ಹೋದ ಬಗ್ ಕೂಡ ನಮ್ಮ ಆಫೀಸಿನಲ್ಲಿ ಎಸ್ಕೇಪ್ ಆದ ಬಗ್ಗೇ. ಬಿಟ್ಟವರು ಯಾರು ಅಂತ ಆ ಪದ ಹೇಳೋದಿಲ್ಲ, ನಮಗೂ ಅದೇ ಬೇಕು.

ಕೀಬೋರ್ಡಿನ ಮೂಲೆಯ ಎಸ್ಕೇಪ್ ಕೀ ಹುಟ್ಟಿದ್ದು 1960ರಲ್ಲಿ, ಐಬಿಎಂನ ಬಾಬ್ ಬೆಮರ್ ಅವರ ತಲೆಯಿಂದ. 'ಇನ್ನು ಮುಂದಿನ ಅಕ್ಷರಗಳನ್ನ ಬೇರೆ ನಿಯಮದಂತೆ ಓದು' ಅಂತ ಮಷಿನ್‌ಗೆ ಹೇಳುವ ಗುರುತು ಅದು.

ಪದದ ಬೇರು ಇನ್ನೂ ಹಳೆಯದು. ಲ್ಯಾಟಿನ್‌ನಲ್ಲಿ 'ಎಕ್ಸ್' ಅಂದರೆ ಹೊರಗೆ, 'ಕಪ್ಪಾ' ಅಂದರೆ ಮೇಲಂಗಿ. ಹಿಡಿದವನ ಕೈಯಲ್ಲಿ ಅಂಗಿ ಬಿಟ್ಟು ಓಡಿದವನೇ ಎಸ್ಕೇಪ್ ಆದವನು. ನಮ್ಮ 'ಪಾರಾಗು' ಹಂಗಲ್ಲ. ಪಾರ ಅಂದರೆ ಆಚೆ ದಂಡೆ. ಇಂಗ್ಲಿಷಿನವನಿಗೆ ಏನು ಬಿಟ್ಟು ಬಂದೆ ಅನ್ನೋದು ಮುಖ್ಯ, ನಮಗೆ ಎಲ್ಲಿ ಮುಟ್ಟಿದೆ ಅನ್ನೋದು.

ಇಷ್ಟೆಲ್ಲಾ ತಲೆ ಕೆಡಿಸಿಕೊಂಡದ್ದು ಹೋದ ದೀಪಾವಳಿಯಿಂದ. ನಮ್ಮೂರು ಇಂಡಿ ತಾಲ್ಲೂಕು. ದೋಸ್ತನ ನಿಂಬೆ ತೋಟದಾಗ ಕುಂತಿದ್ದೆ. ನಮ್ಮ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಬ್ಯಾಸಗಿಯಲ್ಲಿ ಗಿಡ ಉಳಿಸೋಕೆ ಟ್ಯಾಂಕರ್ ನೀರೇ ಗತಿ. ಲೆಕ್ಕ ಹೇಳ್ತಾ ಹೇಳ್ತಾ ಅವನು ನಕ್ಕು ಅಂದ: 'ನೀ ಎಸ್ಕೇಪ್ ಆದಿ ಬಿಡಪಾ.'

ನನಗೆ ನಗು ಬರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ರಾತ್ರಿ ಅಪ್ಪನಿಗೆ ಎದೆ ನೋವು ಬಂದಾಗ ನಾನು ಬೆಂಗಳೂರಲ್ಲಿ ಒಂದು ರಿಲೀಸ್ ಕಾಲ್‌ನಲ್ಲಿದ್ದೆ, ಫೋನು ಸೈಲೆಂಟ್. ಗಾಡಿ ಮಾಡಿ ಅಪ್ಪನನ್ನ ವಿಜಯಪುರಕ್ಕೆ ಕರಕೊಂಡು ಹೋದವನು ಇವನೇ. ಅಪ್ಪ ಪಾರಾದರು. ನಾನು ಎದ್ದು ನೋಡಿದಾಗ ಹದಿನಾಲ್ಕು ಮಿಸ್ಡ್ ಕಾಲ್.

ಮನೆಗೆ ಬಂದು ಆಯಿಗೆ ಕೇಳಿದೆ. 1972ರ ಬರದಾಗ ಆಕೆ, ಅಜ್ಜ ಇಬ್ಬರೂ ಗುಳೆ ಹೋಗಿದ್ದರು, ಸೊಲ್ಲಾಪುರದ ಕಡೆ. 'ಆಯಿ, ಆವಾಗ ಊರು ಬಿಟ್ಟು ಓಡಿ ಹೋದ್ರಿ ಅಂತ ಅನಸ್ತಿತ್ತೇನು?'

ಆಕೆ ಎಲಿ ಅಡಿಕಿ ಕುಟ್ಟೋದು ನಿಲ್ಲಿಸಲಿಲ್ಲ. 'ಓಡಿ ಹೋದವ್ರು ಹೊಳ್ಳಿ ಬರ್ತಾರೇನೋ? ನಾವು ದುಡ್ಯಾಕ ಹೋಗಿದ್ವಿ. ಮಳಿ ಆತು, ಬಂದ್ವಿ.'

ನಮ್ಮ ಭಾಗದಾಗ ಊರು ಬಿಡೋದಕ್ಕೆ ಒಂದೇ ಪದ ಇಲ್ಲ. ಇಂಡಿ, ಸಿಂದಗಿ ಕಡೆ ಮಳೆ ಹೋದರೆ ಗುಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಕೃಷ್ಣೆಗೆ ಅಣೆಕಟ್ಟು ಬಂದು ಮುಳುಗಡೆ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಹಿನ್ನೀರು ಏರಿದಾಗ ಮನೆ, ಹೊಲ ಬಿಟ್ಟವರು ಎಸ್ಕೇಪ್ ಆದವರಲ್ಲ, ಅವರನ್ನ ಎಬ್ಬಿಸಲಾಯಿತು. ಹನ್ನೆರಡನೇ ಶತಮಾನದಲ್ಲಿ ಜನಿವಾರ ಒಲ್ಲೆನೆಂದು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ ಹೋದ ಬಸವಣ್ಣನವರನ್ನ ಯಾರೂ ಓಡಿಹೋದರು ಅನ್ನೋದಿಲ್ಲ.

ಹಂಗಾದರೆ ನನ್ನ ಪದ ಯಾವುದು? ಗುಳೆ ಅನ್ನೋಕೆ ನಾಚಿಕೆ, ನನಗೆ ಎಸಿ ಆಫೀಸಿದೆ. ಪಾರಾದೆ ಅನ್ನೋಕೆ ಧೈರ್ಯ ಇಲ್ಲ, ಇಎಂಐ ಇನ್ನೂ ಹದಿನೇಳು ವರ್ಷ ಇದೆ. ಅಂಗಿ ಮಾತ್ರ ಊರಲ್ಲೇ ಬಿಟ್ಟು ಬಂದೀನಿ, ಅದನ್ನ ದೋಸ್ತ ಹಿಡಕೊಂಡು ನಿಂತಾನೆ.

ಸದ್ಯ ಮಾಡಿದ್ದು ಇಷ್ಟೇ. ಅಪ್ಪನ ನಂಬರ್, ದೋಸ್ತನ ನಂಬರ್ ಎರಡನ್ನೂ ಫೋನ್ ಸೈಲೆಂಟ್ ಇದ್ದರೂ ರಿಂಗ್ ಆಗುವ ಹಾಗೆ ಸೆಟ್ ಮಾಡಿದೆ. ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತೀನಿ. ಹೋದ ಸಲ ದೋಸ್ತ ಬಸ್‌ಸ್ಟ್ಯಾಂಡಿಗೆ ಬಂದಿದ್ದ. 'ಏನಪಾ, ಬೆಂಗಳೂರಿಂದ ಎಸ್ಕೇಪ್ ಆದ್ಯಾ?' ಅಂದ.

ಈ ಸಲ ನಕ್ಕೆ. 'ಫ್ರಮ್' ಸರಿಯಾಗೇ ಬಿದ್ದಿತ್ತು.

ನಿಮ್ಮೂರಲ್ಲಿ ಊರು ಬಿಟ್ಟವರಿಗೆ ಏನಂತಾರೆ? ಬರೆದು ಕಳಿಸಿ. ಮುಂದಿನ ಸಲದ ಪದ: 'ಅಡ್ಜಸ್ಟ್'.