ಸಂಸದರು ಕರಿಕೋಟು ಕಳಚಬೇಕೇ?

2014ರ ಆಗಸ್ಟ್ 14ರಂದು ರಾಜ್ಯಸಭೆಯಲ್ಲಿ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದ ಸಂವಿಧಾನ ತಿದ್ದುಪಡಿ ಮಸೂದೆ ಮತಕ್ಕೆ ಬಿತ್ತು. ಪರವಾಗಿ 179 ಮತ, ವಿರುದ್ಧ ಒಂದೂ ಇಲ್ಲ. ತಟಸ್ಥರಾಗಿ ಉಳಿದವರು ಒಬ್ಬರೇ, ರಾಮ್ ಜೇಠ್ಮಲಾನಿ. ಮರುವರ್ಷ ಅದೇ ತಿದ್ದುಪಡಿ ಸುಪ್ರೀಂ ಕೋರ್ಟಿನ ಪಂಚಸದಸ್ಯ ಪೀಠದ ಮುಂದೆ ಬಂದಾಗ ಅದರ ವಿರುದ್ಧ ವಾದಿಸಿದ ವಕೀಲರಲ್ಲಿ ಅವರೂ ಇದ್ದರು. 2015ರ ಅಕ್ಟೋಬರ್ 16ರಂದು ಪೀಠ 4–1ರ ಬಹುಮತದಿಂದ ತಿದ್ದುಪಡಿಯನ್ನು ರದ್ದುಗೊಳಿಸಿತು. ಸದನದಲ್ಲಿ ಒಂಟಿಯಾಗಿದ್ದ ನಿಲುವು ನ್ಯಾಯಾಲಯದಲ್ಲಿ ಗೆದ್ದಿತು. ಇದನ್ನು ಮೆಚ್ಚಬೇಕೇ, ಶಂಕಿಸಬೇಕೇ? ಸಂಸದರಾದ ಮೇಲೂ ವಕೀಲಿಕೆ ಮುಂದುವರಿಸಬಹುದೇ ಎಂಬ ವಿವಾದದ ತಿರುಳು ಇಲ್ಲಿದೆ.

ಮೆಚ್ಚುವವರ ವಾದಕ್ಕೆ ಜೇಠ್ಮಲಾನಿಯವರ ಬದುಕೇ ದೊಡ್ಡ ಸಾಕ್ಷಿ. 1923ರಲ್ಲಿ ಸಿಂಧ್ ಪ್ರಾಂತದ ಶಿಕಾರ್‌ಪುರದಲ್ಲಿ ಹುಟ್ಟಿದ ಅವರು ಹದಿನೇಳರ ಹರೆಯದಲ್ಲೇ ಕಾನೂನು ಪದವಿ ಪಡೆದರು. ದೇಶವಿಭಜನೆಯ ನಂತರ ಮುಂಬೈಗೆ ಬಂದು ಬರಿಗೈಯಲ್ಲಿ ವೃತ್ತಿ ಕಟ್ಟಿಕೊಂಡರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರಾಗಿದ್ದು, ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿ ಬಂಧನದ ವಾರಂಟಿಗೆ ಗುರಿಯಾದರು. ಆಗ ಅವರ ಪರವಾಗಿ ಬಾಂಬೆ ಹೈಕೋರ್ಟಿನಲ್ಲಿ ನೂರಾರು ವಕೀಲರು ಒಟ್ಟಾಗಿ ನಿಂತರು. 1977ರ ಚುನಾವಣೆಯಲ್ಲಿ ಅವರು ಸೋಲಿಸಿದ್ದು ತುರ್ತು ಪರಿಸ್ಥಿತಿಯ ಕಾನೂನು ಸಚಿವ ಎಚ್.ಆರ್. ಗೋಖಲೆ ಅವರನ್ನು. 1988ರಲ್ಲಿ ರಾಜ್ಯಸಭೆಗೆ ಹೋದದ್ದು ಕರ್ನಾಟಕದಿಂದ. ಮುಂದೆ ಪಕ್ಷಗಳು ಬದಲಾದವು, ಸಚಿವ ಪದವಿ ಬಂದು ಹೋಯಿತು, ಬಿಜೆಪಿ 2013ರಲ್ಲಿ ಅವರನ್ನು ಉಚ್ಚಾಟಿಸಿತು. ಯಾವುದರಿಂದಲೂ ಅವರ ಜೀವನೋಪಾಯಕ್ಕೆ ಧಕ್ಕೆ ಬರಲಿಲ್ಲ. ಸ್ವಂತ ದುಡಿಮೆಯಿರುವ ಸಂಸದನಿಗೆ ಹೈಕಮಾಂಡಿನ ಹಂಗು ಕಡಿಮೆ. ಇಡೀ ಸದನ ಒಂದು ಕಡೆ ಕೈಯೆತ್ತಿದಾಗ ಎತ್ತದೆ ಕೂರುವ ಧೈರ್ಯದ ಒಂದು ಭಾಗವಾದರೂ ಅಲ್ಲಿಂದ ಬಂದಿರಬಹುದು.

ಆದರೆ ಅದೇ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವಿದೆ. 2011ರಲ್ಲಿ 2ಜಿ ತರಂಗಾಂತರ ಹಗರಣವನ್ನು ಬಿಜೆಪಿ ಸಂಸತ್ತಿನ ಒಳಗೂ ಹೊರಗೂ ಹಿಡಿದು ಜಗ್ಗುತ್ತಿದ್ದಾಗ, ಅದೇ ಪಕ್ಷದ ರಾಜ್ಯಸಭಾ ಸದಸ್ಯರಾಗಿದ್ದ ಜೇಠ್ಮಲಾನಿ ದೆಹಲಿಯ ವಿಶೇಷ ನ್ಯಾಯಾಲಯದಲ್ಲಿ ಆರೋಪಿ ಕನಿಮೋಳಿ ಪರ ಜಾಮೀನಿಗೆ ವಾದಿಸಿದರು. ಮೇವು ಹಗರಣದಲ್ಲಿ ಲಾಲು ಪ್ರಸಾದ್ ಪರ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಂತರು. 2016ರಲ್ಲಿ ಲಾಲು ಅವರ ಪಕ್ಷವೇ ಅವರನ್ನು ಬಿಹಾರದಿಂದ ರಾಜ್ಯಸಭೆಗೆ ಕಳುಹಿಸಿತು. ಇಲ್ಲಿ ಕೊಡುಕೊಳ್ಳುವಿಕೆ ನಡೆಯಿತೆನ್ನಲು ಆಧಾರವಿಲ್ಲ, ಹಾಗೆನ್ನುವುದು ಅನ್ಯಾಯವೂ ಆದೀತು. ಆದರೂ ಕಕ್ಷಿದಾರನೂ ಟಿಕೆಟ್ ಕೊಡುವವನೂ ಒಬ್ಬನೇ ಆದಾಗ, ಸಂಸದ ಯಾರ ಪರ ಮಾತಾಡುತ್ತಿದ್ದಾನೆ ಎಂದು ಮತದಾರ ಕೇಳಿದರೆ ಅದನ್ನು ಕುಚೋದ್ಯವೆಂದು ತಳ್ಳಿಹಾಕಲಾಗದು.

ಇದಕ್ಕೆ ವಕೀಲ ಸಮುದಾಯದ ಉತ್ತರ ಹಳೆಯದು, ತೂಕದ್ದೂ ಹೌದು. ವಕೀಲನೆಂದರೆ ಕಕ್ಷಿದಾರನ ಬಂಟನಲ್ಲ. ವಿಶೇಷ ಕಾರಣವಿಲ್ಲದೆ ಬಂದ ಮೊಕದ್ದಮೆಯನ್ನು ಒಲ್ಲೆ ಎನ್ನಬಾರದು ಎಂಬುದು ವಕೀಲರ ಪರಿಷತ್ತಿನ ನಿಯಮವೇ. ಇಂದಿರಾ ಗಾಂಧಿ ಹತ್ಯೆ ಪ್ರಕರಣದ ಆರೋಪಿಗಳ ಪರ ನಿಲ್ಲುವುದು ಆ ದಿನಗಳಲ್ಲಿ ಜನಪ್ರಿಯ ಕೆಲಸವಾಗಿರಲಿಲ್ಲ. ಜೇಠ್ಮಲಾನಿ ನಿಂತರು. ಕೆಳಗಿನ ನ್ಯಾಯಾಲಯಗಳು ಗಲ್ಲು ವಿಧಿಸಿದ್ದ ಬಲ್ಬೀರ್ ಸಿಂಗ್‌ನನ್ನು 1988ರಲ್ಲಿ ಸುಪ್ರೀಂ ಕೋರ್ಟು ಖುಲಾಸೆಗೊಳಿಸಿತು. ರಾಜಕೀಯಕ್ಕೆ ಒಗ್ಗುವ ಕಕ್ಷಿದಾರರನ್ನೇ ಆರಿಸಿಕೊಳ್ಳುವ ವಕೀಲ ಅಂಥ ಪ್ರಕರಣದ ಹತ್ತಿರ ಸುಳಿಯುತ್ತಿರಲಿಲ್ಲ.

ವಿರೋಧಿಗಳ ಬಲವಾದ ಅಸ್ತ್ರ ಹಣದ್ದಲ್ಲ, ಅಧಿಕಾರದ್ದು. ಸುಪ್ರೀಂ ಕೋರ್ಟು ಅಥವಾ ಹೈಕೋರ್ಟಿನ ನ್ಯಾಯಮೂರ್ತಿಯ ಪದಚ್ಯುತಿಗೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಿ ನೋಟಿಸ್ ಕೊಡಬಹುದು. ಬೆಳಿಗ್ಗೆ ‘ಮೈ ಲಾರ್ಡ್’ ಎಂದು ತಲೆಬಾಗಿದ ವಕೀಲ ಮಧ್ಯಾಹ್ನ ಅದೇ ನ್ಯಾಯಮೂರ್ತಿಯ ವಿರುದ್ಧ ಸಹಿ ಹಾಕಬಲ್ಲ. 2018ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ವಿರುದ್ಧ ರಾಜ್ಯಸಭಾ ಸದಸ್ಯರು ನೋಟಿಸ್ ಕೊಟ್ಟಾಗ ಈ ಪ್ರಶ್ನೆ ಕಾಲ್ಪನಿಕವಾಗಿ ಉಳಿಯಲಿಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ದೇಶದ ಯಾವ ನ್ಯಾಯಾಲಯದಲ್ಲೂ ವಾದಿಸಬಾರದೆಂದು ಸಂವಿಧಾನದ 124(7)ನೇ ವಿಧಿ ಹೇಳುತ್ತದೆ. ಮಾಜಿಗೇ ಇಷ್ಟು ಸಂಯಮವಿದ್ದರೆ ಹಾಲಿ ಶಾಸನಕರ್ತನಿಗೆ ಏಕಿಲ್ಲ? ಅರುಣ್ ಜೇಟ್ಲಿ ಅವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿ ಬರಲಿಲ್ಲ. 2009ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದಾಗ ತುಂಬು ವಕೀಲಿಕೆಯನ್ನು ತಾವಾಗಿಯೇ ನಿಲ್ಲಿಸಿದರು. ಮುಂದೆ ಕೇಜ್ರಿವಾಲ್ ವಿರುದ್ಧದ ಮಾನಹಾನಿ ಮೊಕದ್ದಮೆಯಲ್ಲಿ ಅವರಿಗೆ ಪಾಟೀಸವಾಲು ಹಾಕಿದವರು ಜೇಠ್ಮಲಾನಿ! ಒಬ್ಬರು ರಾಜ್ಯಸಭೆಯ ಸಭಾನಾಯಕ, ಮತ್ತೊಬ್ಬರು ಅದೇ ಸಭೆಯ ಸದಸ್ಯ.

ಕಾನೂನು ಸದ್ಯಕ್ಕೆ ಮೊದಲನೆಯ ಪಕ್ಷದ ಕಡೆಗಿದೆ. 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟು, ಶಾಸಕ–ಸಂಸದರ ವಕೀಲಿಕೆಗೆ ನಿಷೇಧ ಕೋರಿದ್ದ ಅರ್ಜಿಯನ್ನು ವಜಾ ಮಾಡಿತು. ವಕೀಲರ ಪರಿಷತ್ತಿನ 49ನೇ ನಿಯಮ ತಡೆಯುವುದು ಪೂರ್ಣಾವಧಿ ಸಂಬಳದ ನೌಕರರನ್ನು. ಸಂಸದನಿಗೆ ವೇತನವಿದ್ದರೂ ಅವನು ಸರ್ಕಾರದ ನೌಕರನಲ್ಲ, ಅವನಿಗೊಬ್ಬ ಯಜಮಾನನಿಲ್ಲ ಎಂಬುದು ತೀರ್ಪಿನ ಸಾರ. ಆ ಪೀಠದ ನೇತೃತ್ವ ವಹಿಸಿದ್ದವರು, ನೋಟಿಸಿಗೆ ಗುರಿಯಾಗಿದ್ದ ಅದೇ ಮಿಶ್ರಾ ಎಂಬುದನ್ನು ಗಮನಿಸಬೇಕು. ಸಂಸದರ ಸಹಿಯ ಭಯ ನ್ಯಾಯಪೀಠವನ್ನು ಅಲುಗಿಸುತ್ತದೆ ಎನ್ನುವವರಿಗೂ, ಅಲುಗಿಸುವುದಿಲ್ಲ ಎನ್ನುವವರಿಗೂ ಇದು ಉದಾಹರಣೆಯಾಗಬಹುದು. ತೀರ್ಪು ಹೇಳಿದ್ದು ಇರುವ ನಿಯಮದಲ್ಲಿ ನಿಷೇಧವಿಲ್ಲ ಎಂದು. ಇರಬಾರದು ಎಂದಲ್ಲ.

ಸಂಪೂರ್ಣ ನಿಷೇಧ ಬಂದರೆ ನಷ್ಟ ಯಾರಿಗೆ? ಹೆಸರಾಂತ ವಕೀಲರು ಸಂಸತ್ತಿನತ್ತ ತಲೆ ಹಾಕದೆ ಇರಬಹುದು, ಮಸೂದೆಗಳನ್ನು ಕಲಂ ಕಲಮಾಗಿ ಓದಬಲ್ಲವರ ಸಂಖ್ಯೆ ಇನ್ನಷ್ಟು ಇಳಿಯಬಹುದು. ಈಗಿನ ಸಡಿಲು ಹಾಗೇ ಮುಂದುವರಿದರೆ ಸಂಶಯವೂ ಮುಂದುವರಿಯುತ್ತದೆ. ಇವೆರಡರ ನಡುವೆ ಒಂದು ದಾರಿ ಸಾಧ್ಯವೆಂದು ತೋರುತ್ತದೆ. ವಕೀಲಿಕೆ ಇರಲಿ, ಮೂರು ಗಡಿಗಳೊಳಗೆ. ತಾನು ಮತ ಹಾಕಿದ ಅಥವಾ ಸದನ ಸಮಿತಿಯಲ್ಲಿ ಪರಿಶೀಲಿಸಿದ ಶಾಸನದ ಸಿಂಧುತ್ವದ ಮೊಕದ್ದಮೆಯಲ್ಲಿ ಶುಲ್ಕ ಪಡೆದು ವಾದಿಸಬಾರದು. ಪದಚ್ಯುತಿಯ ನೋಟಿಸಿಗೆ ಸಹಿ ಹಾಕಿದವನು ಆ ನ್ಯಾಯಮೂರ್ತಿಯ ಮುಂದೆ ನಿಲ್ಲಬಾರದು. ಸದನದ ವಿಷಯಕ್ಕೆ ನೇರ ಸಂಬಂಧವಿರುವ ಕಕ್ಷಿದಾರರ ಹೆಸರು ಬಹಿರಂಗವಾಗಿರಬೇಕು. ಮೊದಲ ಗಡಿ ಇದ್ದಿದ್ದರೆ 2015ರಲ್ಲಿ ಜೇಠ್ಮಲಾನಿಯವರ ವಾದಕ್ಕೂ ಅಡ್ಡಿಯಾಗುತ್ತಿತ್ತೇ ಎಂಬುದು ಚರ್ಚಾಸ್ಪದ. ಅವರು ಮತ ಹಾಕಿರಲಿಲ್ಲವಷ್ಟೆ.

ಇದಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. ಸದಸ್ಯರ ಹಿತಾಸಕ್ತಿಗಳ ನೋಂದಣಿ ಪುಸ್ತಕ ರಾಜ್ಯಸಭೆಯ 293ನೇ ನಿಯಮದಡಿ ಈಗಾಗಲೇ ಇದೆ, ವೃತ್ತಿಪರ ಕೆಲಸಕ್ಕೂ ಅದರಲ್ಲಿ ಜಾಗವಿದೆ. ಉಳಿದ ಎರಡು ಗಡಿಗಳನ್ನು ಹಾಕುವುದು ವಕೀಲರ ಪರಿಷತ್ತಿನ ನಿಯಮಾಧಿಕಾರದೊಳಗಿನ ಕೆಲಸ.